ಚಿಕ್ಕುವಿಗೆ ಕಂಡರಾಗದ ವಿಮಾನ

ಫೆಬ್ರವರಿ ೩

ಅಮ್ಮನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಮನೆ ಬಿಟ್ಟು ಒಂದೂವರೆ ವರ್ಷದ ಮೇಲೆ ಬರೆಯುತ್ತಿರುವುದು ಒಂದು ಕೆಲಸಕ್ಕಾಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನೀಗ ಸಮುದ್ರದ ನಡುವೆ ಕಂಬಗಳ ಮೇಲೆ ನಿಂತ ಎಣ್ಣೆ ಬಾವಿಯೊಂದರಲ್ಲಿ ವೆಲ್ಡರ್. ಫೋನು, ಇಂಟರ್ನೆಟ್ಟು ಆಫೀಸಿನವರಿಗೆ ಮಾತ್ರ. ನಮ್ಮಂಥವರಿಗೆ ಸಾಮಾನಿನ ದೋಣಿಯಲ್ಲಿ ಬರುವ ಟಪಾಲೇ ಗತಿ.

ನನ್ನ ಕೋಣೆಯ ಕಂಪ್ಯೂಟರಿನಲ್ಲಿ 'ತಾರಾದಳ' ಅಂತ, ಬಾಹ್ಯಾಕಾಶದಲ್ಲಿ ಶಿಪ್ಪು ಹಾರಿಸಿ ಹೊಡೆದಾಡುವ ಒಂದು ಆಟವಿದೆ. ನಾನೂ ಅಣ್ಣನೂ ಚಿಕ್ಕಂದಿನಿಂದ ಆಡುತ್ತಿದ್ದದ್ದು. "ಕಣ್ಣು ಹಾಳಾಗುತ್ತೆ ಕಣ್ರೋ" ಅಂತ ಬೈಯುತ್ತಿದ್ದೆಯಲ್ಲ, ಅದೇ. ನಾಲ್ಕು ಭಾಗ ಬಂದಿವೆ. ಈಗ ಐದನೆಯದು ಬರುತ್ತಿದೆ, ಹಳೆಯದನ್ನು ಮುಚ್ಚುತ್ತಾರೆ. ಜುಲೈ ಮುಗಿಯುವುದರೊಳಗೆ ಒಮ್ಮೆಯಾದರೂ ಹಾರಿದ ಶಿಪ್ಪುಗಳನ್ನು ಮಾತ್ರ ಹೊಸ ಆಟಕ್ಕೆ ದಾಟಿಸುತ್ತಾರೆ. ಆಟದೊಳಗಿನ ಶೆಡ್ಡಿನಲ್ಲಿ ಕೂತೇ ಇದ್ದವನ್ನು ಅಳಿಸಿಬಿಡುತ್ತಾರೆ. ನನ್ನ ರಜೆ ಇರುವುದು ಆಗಸ್ಟಿನಲ್ಲಿ. ಬೇರೆ ಯಾರೂ ಇಲ್ಲ, ಹಾಗಾಗಿ ನೀನೇ ಹಾರಿಸಬೇಕು.

ಶೆಡ್ಡಿನಲ್ಲಿ ನಾಲ್ಕು ಶಿಪ್ಪುಗಳಿವೆ. ಎಡಗಡೆ ಮೊದಲಿರುವುದು ಕಡಜ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಮೈ ತೆಳು, ಒಂದು ಗುಂಡು ಸರಿಯಾಗಿ ಬಿದ್ದರೆ ಮುಗಿಯಿತು, ಆದರೆ ನಿಂತಲ್ಲೇ ತಿರುಗುತ್ತದೆ. ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಅಲ್ಲಿರುತ್ತದೆ. ಅದರ ಪಕ್ಕ ಮಿಂಚುಳ್ಳಿ, ಕಲಿಯುವವರಿಗೆ ಒಳ್ಳೆಯದು, ನೀನು ಅದರಲ್ಲೇ ಶುರು ಮಾಡು. ಚಿನ್ನದ ಬಣ್ಣದ್ದು ಯುವರಾಜ, ಬರೀ ಥಳುಕು. ಕೊನೆಯಲ್ಲಿರುವುದು ಗುರಾಣಿ, ಮೊದಲನೆಯ ಭಾಗದ ಕಾಲದ್ದು. ಅದು ನನಗೆ ಕಂಡರಾಗದು. ಇಡೀ ಸರಣಿಯಲ್ಲಿ ಅಷ್ಟು ಕೆಟ್ಟ ಶಿಪ್ಪು ಇನ್ನೊಂದಿಲ್ಲ. ಹೆಣಭಾರ, ತಿರುಗು ಅಂದರೆ ಯೋಚನೆ ಮಾಡಿ ತಿರುಗುತ್ತದೆ. ಅದನ್ನೂ ಹಾರಿಸು, ಮರೆಯಬೇಡ.

ಒಂದೊಂದು ಸುತ್ತು ಹಾರಿಸಿ ಇಳಿಸಿದರೆ ಸಾಕು. ಬೇರೆ ಏನನ್ನೂ ಮುಟ್ಟಬೇಡ. ಕಂಪ್ಯೂಟರಿಗೆ ಹಾಕುವ ಪಾಸ್‌ವರ್ಡು ಹಿಂಬದಿ ಬರೆದಿದ್ದೇನೆ.

ಇಂತಿ,
ಚಿಕ್ಕು


ಫೆಬ್ರವರಿ ೨೧

ಚಿಕ್ಕೂ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಒಡೆದೆ. ಮಗ ಇದ್ದಾನೋ ಇಲ್ಲವೋ ಗೊತ್ತಿಲ್ಲದೆ ಇಷ್ಟು ದಿನ ಬದುಕಿದವಳಿಗೆ ಮನೆಗೆ ಹೋಗಿ ನಿಧಾನವಾಗಿ ಓದುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಓದಿದ ಮೇಲೆ ಮಾತ್ರ ಮನೆಯಲ್ಲೇ ಒಡೆಯಬೇಕಿತ್ತು ಅನ್ನಿಸಿತು. ನಮ್ಮ ಇಸ್ತ್ರಿಯವರು "ಏನಂತೆ ಅಕ್ಕಾ, ಬರ್ತಾನಂತಾ?" ಅಂದರು. "ಆಟದ ಸಾಮಾನು ನೋಡ್ಕೋಬೇಕಂತೆ" ಅಂದೆ. ಅವರು ತಲೆ ತಗ್ಗಿಸಿಕೊಂಡು ಒಂದೇ ಪ್ಯಾಂಟನ್ನು ಮತ್ತೆ ಮತ್ತೆ ತಿಕ್ಕುತ್ತಾ ನಿಂತರು.

ಬೇರೆ ಯಾರೂ ಇಲ್ಲ ಹಾಗಾಗಿ ನೀನೇ, ಅಂತ ಬರೆದಿದ್ದೀಯ. ಅಮ್ಮನ ನೆನಪು ಬರಲು ಲೋಕದಲ್ಲಿ ಬೇರೆ ಯಾರೂ ಇಲ್ಲದ ಹಾಗಾಗಬೇಕಾಯಿತು, ನೋಡು. ಅಷ್ಟುದ್ದದ ಕಾಗದದಲ್ಲಿ ವಿಮಾನಗಳ ಕ್ಷೇಮ ಸಮಾಚಾರವೆಲ್ಲ ಇದೆ, ನನ್ನದಿಲ್ಲ. ಮಂಡಿ ನೋಯುತ್ತದೆ. ಕೇಳದಿದ್ದರೂ ಹೇಳಿದ್ದೇನೆ. ನಾನು ವಿಮಾನ ಅಂತಲೇ ಬರೆಯುತ್ತೇನೆ. ನೀನು ಇರುವುದು ನೀರಿನ ಮೇಲೆ, ಅದರ ಜೊತೆ ಇವನ್ನೂ ಶಿಪ್ಪು ಅಂದರೆ ನನ್ನ ತಲೆ ಕೆಡುತ್ತದೆ.

ನಿನ್ನ ಕೋಣೆಯ ಬಾಗಿಲು ತೆಗೆದು ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದೆ. ನೀನು ಹೇಳಿದ ಹಾಗೆ ಮಿಂಚುಳ್ಳಿಯಲ್ಲಿ ಕೂತೆ. ಅಯ್ಯೋ ರಾಮ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕಥೆ! ಹಿಡಿಕೆಯನ್ನು ಈಚೆ ಎಳೆದರೆ ಅದು ಆಕಾಶಕ್ಕೆ ಹೋಗುತ್ತದೆ, ಆಚೆ ತಳ್ಳಿದರೆ ಪಾತಾಳಕ್ಕೆ. ಶೆಡ್ಡಿನ ಗೋಡೆಗೆ ಹೊಡೆದು ಬೆಂಕಿ ಹತ್ತಿಕೊಂಡಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಅದು ಏನೂ ಆಗಿಲ್ಲವೆಂಬಂತೆ ಮತ್ತೆ ತನ್ನ ಜಾಗದಲ್ಲಿ ನಿಂತಿತ್ತು. ಇವು ಸತ್ತರೂ ಎದ್ದು ಬರುತ್ತವೆ ಅಂತ ನೀನು ಬರೆದಿರಲಿಲ್ಲ.

ಇನ್ನೊಂದು ಮಾತು. ಕಂಡರಾಗದ್ದನ್ನು ಯಾಕಪ್ಪ ಕಾಪಾಡುವುದು? ನಮ್ಮ ಲಾಂಡ್ರಿಯಲ್ಲಾದರೆ ಅಂಥದ್ದನ್ನು ನೆಲ ಒರೆಸುವುದಕ್ಕೆ ಹಾಕುತ್ತೇವೆ. ಹಾರಿಸಬೇಡ ಅಂದರೆ ನನಗೂ ಒಂದು ಕೆಲಸ ಕಡಿಮೆ.

ಆಗಸ್ಟಿನ ರಜೆಯಲ್ಲಿ ಎಲ್ಲಿರುತ್ತೀಯ ಅಂತ ಬರೆದಿಲ್ಲ. ಅದನ್ನು ಬರಿ.

ಇಂತಿ,
ನಿನ್ನ ಅಮ್ಮ


ಮಾರ್ಚ್ ೧೨

ಅಮ್ಮ,

ಈಚೆ ಎಳೆದರೆ ಮೂಗು ಮೇಲೇಳುತ್ತದೆ, ಅದು ಹಾಗೇ ಇರುವುದು. ಎರಡು ದಿನ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ. ವೇಗದ ಗುಂಡಿ ಒತ್ತಿ ಹಿಡಿಯಬೇಡ, ತಟ್ಟಿ ತಟ್ಟಿ ಬಿಡು. ನೀನು ಸ್ಟೀಮ್ ಇಸ್ತ್ರಿಯ ಗುಂಡಿ ಒತ್ತುತ್ತೀಯಲ್ಲ, ಹಾಗೆ. ಶೆಡ್ಡಿನ ಗೋಡೆಗೆ ಹೊಡೆದರೆ ಲೆಕ್ಕಕ್ಕಿಲ್ಲ, ಹಾರಿ ಇಳಿದರೆ ಮಾತ್ರ ಲೆಕ್ಕ.

ನಿನ್ನ ಕಾಗದವನ್ನು ಇಲ್ಲಿ ಊಟದ ಮನೆಯಲ್ಲಿ ಓದುತ್ತಾ ನಕ್ಕುಬಿಟ್ಟೆ. ನನ್ನ ಜೊತೆ ಕೆಲಸ ಮಾಡುವ ಕ್ರೇನಿನವನು ಏನೆಂದು ಕೇಳಿದ. ಹೇಳಿದೆ. "ನಿಮ್ಮಮ್ಮ ಫೈಟರ್ ಓಡಿಸ್ತಾರಾ? ನಮ್ಮಮ್ಮನಿಗೆ ಫೋನ್ ಎತ್ತೋಕೆ ಬರಲ್ಲ ಮಾರಾಯ" ಅಂದ. ಈಗ ದೋಣಿ ಬಂದಾಗಲೆಲ್ಲ ಅವನೇ ಮೊದಲು ಕೇಳುತ್ತಾನೆ, ಅಮ್ಮ ಇಳಿಸಿದರಾ ಅಂತ.

ಕಡಜವನ್ನು ಹಾರಿಸುವಾಗ ಒಮ್ಮೆ ಎಂಜಿನ್ ನಿಲ್ಲಿಸಿ ಸುಮ್ಮನೆ ತೇಲಲು ಬಿಡು. ಎರಡನೆಯ ಭಾಗದಲ್ಲಿ ಅದು ಮೊದಲ ಸಲ ಬಂದಾಗ ನಾವಿಬ್ಬರೂ ಶಾಲೆಗೆ ಚಕ್ಕರ್ ಹಾಕಿ ಆಡಿದ್ದೆವು. ತಲೆಕೆಳಗಾಗಿ ತೇಲುತ್ತಾ ಹಿಂದಿನಿಂದ ಬರುವವನಿಗೆ ಹೊಡೆಯಬಹುದು. ಬೇರೆ ಯಾವುದರಲ್ಲೂ ಅದಾಗದು. ಅದರಲ್ಲಿ ಕೂತರೆ ನನಗೆ ಯಾರೂ ಬೇಕಾಗುತ್ತಿರಲಿಲ್ಲ.

ಗುರಾಣಿಯನ್ನು ಹಾರಿಸಿ ಇಳಿಸು. ಎಲ್ಲದಕ್ಕೂ ಯಾಕೆ ಅಂತ ಇರುವುದಿಲ್ಲ.

ಮಂಡಿಗೆ ಡಾಕ್ಟರನ್ನು ನೋಡು, ನಿಂತು ನಿಂತು ಹಾಗಾಗಿದೆ. ಆಗಸ್ಟಿನ ವಿಷಯ ಇನ್ನೂ ನಿಶ್ಚಯ ಮಾಡಿಲ್ಲ. ಬರಬಹುದು.

ಇಂತಿ,
ಚಿಕ್ಕು


ಏಪ್ರಿಲ್ ೧೬

ನನ್ನ ಚಿಕ್ಕೂ,

ನಿನ್ನ 'ಬರಬಹುದು' ಓದಿದ ದಿನ ಇಸ್ತ್ರಿಯವರಿಗೂ ನನಗೂ ಬೇಕರಿಯಿಂದ ಕೇಕು ತರಿಸಿದೆ. ಅವರು ಯಾರ ಹುಟ್ಟಿದಹಬ್ಬ ಅಂದರು. ನನ್ನದೇ ಅಂದುಕೊಳ್ಳಿ ಅಂದೆ.

ನಾಲ್ಕೂ ಹಾರಿದವು, ನಾಲ್ಕೂ ಇಳಿದವು. ನಿನ್ನ ಕ್ರೇನಿನವನಿಗೆ ಹೇಳು. ಈಗ ನನಗೂ ನಾಲ್ಕು ಮಾತಾಡುವ ಹಕ್ಕಿದೆ, ಕೇಳಿಸಿಕೋ. ನಿನ್ನ ಕಡಜ ನನಗೆ ಆಗಿಬರಲಿಲ್ಲ. ಅದು ನಿನ್ನಂತೆಯೇ, ಮೂಗಿನ ತುದಿಯಲ್ಲಿ ಸಿಟ್ಟು. ಬೆರಳು ತಾಗಿಸಿದರೆ ಸಾಕು, ಎಲ್ಲಿಗೋ ಹೋಗಿರುತ್ತದೆ. ಯುವರಾಜನನ್ನು ಸುಮ್ಮನೆ ಬೈದಿದ್ದೀಯ, ಪಾಪ, ನೋಡಲು ಲಕ್ಷಣವಾಗಿದೆ. ಆದರೆ ಒಂದು ಸೂಟನ್ನು ನಾಲ್ಕು ಸಲ ವಾಪಸ್ಸು ತಂದು ಗೆರೆ ಸರಿಯಿಲ್ಲ ಅನ್ನುವ ಗಿರಾಕಿಗಳಿರುತ್ತಾರಲ್ಲ, ಆ ಜಾತಿ. ಮುಂದೆ ಹೋಗು ಅಂದರೆ ಮೈಯೆಲ್ಲ ಮಿನುಗಿಸಿ ಆಮೇಲೆ ಹೋಗುತ್ತದೆ.

ನನಗೆ ಇಷ್ಟವಾದದ್ದು ಯಾವುದು ಗೊತ್ತೇ? ನಿನಗೆ ಕಂಡರಾಗದ್ದು. ಗುರಾಣಿ ಥೇಟ್ ನಮ್ಮ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ. ನಿಧಾನ, ಆದರೆ ಹೇಳಿದ ಮಾತು ಕೇಳುತ್ತದೆ. ನಾನು ತಪ್ಪು ಮಾಡಿದರೂ ಅದು ಗಾಬರಿಯಾಗುವುದಿಲ್ಲ. ಒಂದು ದಿನ ಹೆಡ್‌ಫೋನಿನಲ್ಲಿ ಯಾರೋ ಒಬ್ಬ ಗಂಡಸು ಮಾತಾಡಿದ. "ಗುರಾಣಿ ಇನ್ನೂ ಓಡಿಸೋರು ಇದ್ದಾರಾ? ಯಾರಪ್ಪಾ ನೀನು?" ಅಂದ. "ಅಪ್ಪ ಅಲ್ಲ ಕಣಪ್ಪಾ, ಅಮ್ಮ" ಅಂದೆ. ನಾನು ಇಳಿಯುವವರೆಗೆ ಅವನು ಪಕ್ಕದಲ್ಲೇ ಇದ್ದು ನೋಡಿಕೊಂಡ.

ನಾನು ಮೊದಲ ದಿನ ಅದನ್ನು ಗಮನಿಸಿರಲಿಲ್ಲ. ಗುರಾಣಿಯ ಮೂಗಿನ ಕೆಳಗೆ, ಮಸಿ ಹಿಡಿದು ಅರ್ಧ ಮುಚ್ಚಿಹೋಗಿದ್ದ ಹೆಸರೊಂದಿತ್ತು. ಕನ್ನಡಕ ಒರೆಸಿಕೊಂಡು ಓದಿದೆ. 'ದೊಡ್ಡು' ಅಂತ ಬರೆದಿತ್ತು. ನನ್ನ ದೊಡ್ಡು. ಆ ದಿನ ಏನೂ ಮಾಡದೆ ಆರಿಸಿ ಎದ್ದುಬಿಟ್ಟೆ. ನಿನ್ನ ಅಣ್ಣನದು ಅಂತ ಒಂದು ಮಾತು ಬರೆಯಬಾರದಿತ್ತೇ?

ಮಾರನೆಯ ದಿನ ಮತ್ತೆ ಕೂತು ಅದನ್ನು ಸುತ್ತಲೂ ತಿರುಗಿಸಿ ನೋಡಿದೆ. ಎಂಥ ಸ್ಥಿತಿಯಲ್ಲಿಟ್ಟಿದ್ದೀರೋ! ಮೈಯೆಲ್ಲ ಮಸಿ, ಬೆನ್ನಿನ ಮೇಲೆ ಒಂದು ದೊಡ್ಡ ಸುಟ್ಟ ಗಾಯ, ರೆಕ್ಕೆಯ ತುಂಬ ಗೀರು. ನನ್ನ ಮಗನ ಹೆಸರು ಹೊತ್ತದ್ದು ಹಾಗೆ ನಿಂತಿರುವುದನ್ನು ನೋಡಲಾಗಲಿಲ್ಲ. ಶೆಡ್ಡಿನ ಮೂಲೆಯಲ್ಲಿ 'ತೊಳೆ' ಅಂತ ಒಂದು ಗುಂಡಿಯಿತ್ತು. ಅದು ಅಲ್ಲಿರುವುದು ಯಾತಕ್ಕೆ? ಒತ್ತಿದೆ. ಹಳೆಯ ಗುರುತುಗಳೆಲ್ಲ ಹೋಗುತ್ತವೆ, ಮತ್ತೆ ಬರುವುದಿಲ್ಲ, ಸರಿಯೇ ಅಂತ ಕೇಳಿತು. ಸರಿಯಲ್ಲದೆ ಮತ್ತೇನು, ಹೋಗಲಿ ಅಂತಲೇ ತಾನೆ ತೊಳೆಯುವುದು! ಹೂಂ ಅಂದೆ.

ಈಗ ನೋಡಬೇಕು ಅದನ್ನು. ಬೂದು ಬಣ್ಣವೆಂದುಕೊಂಡಿದ್ದೆ, ತಿಳಿ ನೀಲಿ! ದೊಡ್ಡುಗೆ ಆ ನೀಲಿ ಎಷ್ಟು ಇಷ್ಟ. ಹೆಸರು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಎಷ್ಟೋ ದಿನದ ಮೇಲೆ ನನ್ನ ಮಗನ ಕೆಲಸ ಒಂದು ಮಾಡಿದ ಹಾಗಾಯಿತು. ನೀನು ಆಗಸ್ಟಿನಲ್ಲಿ ಬಂದಾಗ ನೋಡುವೆಯಂತೆ.

ಇಂತಿ,
ಅಮ್ಮ


ಮೇ ೮

ಅಮ್ಮ,

ಬೇರೆ ಏನನ್ನೂ ಮುಟ್ಟಬೇಡ ಅಂತ ಬರೆದಿದ್ದೆ. ಒಂದೇ ಒಂದು ಮಾತು. ಅದೂ ನಿನ್ನಿಂದ ಆಗಲಿಲ್ಲ.

ಬೆನ್ನಿನ ಮೇಲೆ ಸುಟ್ಟ ಗಾಯ ಅಂತ ಬರೆದಿದ್ದೀಯಲ್ಲ, ಅದನ್ನು ಮಾಡಿದವನು ನಾನು. ನನಗೆ ಆಗ ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ, ಅವನ ಪಕ್ಕದಲ್ಲಿ ಕೂತು ಮೊದಲ ಸಲ ಆಡಿದ್ದು. ಶತ್ರುವಿಗೆ ಗುರಿಯಿಟ್ಟು ಅಣ್ಣನ ಬೆನ್ನಿಗೆ ಹೊಡೆದೆ. ನಾನು ಅತ್ತುಬಿಟ್ಟೆ. ಅವನು ನಗುತ್ತಾ "ಅಳಬೇಡ್ವೋ, ನಿನ್ನ ಸಹಿ ಹಾಕಿದೀಯ, ಇನ್ನಿದನ್ನ ಅಳಿಸಲ್ಲ" ಅಂದ. ಅಳಿಸಲಿಲ್ಲ. ನಾಲ್ಕು ಭಾಗ ಬಂದರೂ, ಅವನ ಗೆಳೆಯರೆಲ್ಲ ತಮ್ಮ ಶಿಪ್ಪುಗಳನ್ನು ಪಾಲಿಷ್ ಮಾಡಿಟ್ಟುಕೊಂಡರೂ, ಅವನು ಆ ಗುರುತನ್ನು ಹೊತ್ತುಕೊಂಡೇ ತಿರುಗಿದ. ನಾನು ಕೆಟ್ಟದಾಗಿ ಆಡಿದ ದಿನವೆಲ್ಲ ಶಿಪ್ಪು ತಿರುಗಿಸಿ ನನಗೆ ಬೆನ್ನು ತೋರಿಸುತ್ತಿದ್ದ. ಅವನದು ಅಂತ ನನ್ನ ಬಳಿ ಉಳಿದಿದ್ದದ್ದು ಅದೊಂದೇ.

ಕಂಡರಾಗದ ಗುರಾಣಿಯನ್ನು ಯಾಕೆ ಕಾಪಾಡುವುದು ಅಂತ ಕೇಳಿದ್ದೆ. ಈಗ ಕೇಳು. ಅದರ ಕೆಲಸವೇ ಪಕ್ಕದವನಿಗೆ ಅಡ್ಡ ನಿಲ್ಲುವುದು. ಅವನು ಬೇರೆ ಯಾವುದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ಕಡಜಕ್ಕೆ ಬರುವ ಗುಂಡನ್ನೆಲ್ಲ ತಾನು ತಿಂದು ಪ್ರತಿ ಸಲ ಅವನೇ ಮೊದಲು ಹೋಗುತ್ತಿದ್ದ. ನಾನೊಬ್ಬನೇ ಉಳಿದು ಗೆಲ್ಲುತ್ತಿದ್ದೆ. "ಬೇಡ ಕಣೋ, ಬೇರೆ ತಗೋ" ಅಂತ ಎಷ್ಟು ಬೇಡಿಕೊಂಡೆ. ಕೇಳಲಿಲ್ಲ. ರಸ್ತೆಯಲ್ಲಿ ಅವನ ಮೇಲೆ ಲಾರಿ ಬಂದಾಗ ನಾನು ಜೊತೆಯಲ್ಲಿರಲಿಲ್ಲ, ಮನೆಯಲ್ಲಿದ್ದೆ, ಆಡುತ್ತಿದ್ದೆ. ಆ ಶಿಪ್ಪನ್ನು ಕಣ್ಣೆತ್ತಿ ನೋಡಲಾರೆ. ಅದಿಲ್ಲದೆ ಇರಲೂ ಆಗುವುದಿಲ್ಲ. ಇದನ್ನು ಕಾಗದದಲ್ಲಿ ಬರೆಯಬೇಕಿತ್ತೇ?

ನೀನು ಮೊದಲ ಸಲವೇನೂ ಹೀಗೆ ಮಾಡಿದ್ದಲ್ಲ. ಅವನನ್ನು ಕಳಿಸಿಕೊಟ್ಟ ರಾತ್ರಿ ಅವನ ಅಂಗಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಅದರಲ್ಲಿ ಅವನ ವಾಸನೆಯಿತ್ತು. ಬೆಳಿಗ್ಗೆ ನಾನು ಅದನ್ನು ಎತ್ತಿಟ್ಟುಕೊಳ್ಳಬೇಕು ಅಂತ ಎದ್ದು ಬಂದೆ. ಅದು ತಂತಿಯ ಮೇಲೆ ನೀರು ಸುರಿಸುತ್ತಿತ್ತು, ಸೋಪಿನ ವಾಸನೆ. ನೀನು ಅಣ್ಣನನ್ನು ಎರಡು ಸಲ ಒಗೆದು ಹಾಕಿದ್ದೀಯ. ಈ ಮನೆಯಲ್ಲಿ ನಾನು ಸತ್ತರೆ ನನ್ನದೂ ಅಷ್ಟೇ, ಒಂದು ವಾರದಲ್ಲಿ ಬೆಳ್ಳಗೆ ಇಸ್ತ್ರಿಯಾಗಿರುತ್ತೇನೆ.

ಕಂಪ್ಯೂಟರು ಆರಿಸು. ಇನ್ನು ಏನೂ ಮಾಡಬೇಡ.

ಚಿಕ್ಕು


ಮೇ ೩೦

ಚಿಕ್ಕೂ,

ನಿನ್ನ ಕಾಗದ ಓದಿ ಅಂಗಡಿ ಮುಚ್ಚಿ ಮನೆಗೆ ಬಂದೆ. ಮೊದಲು ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಇಷ್ಟು ದಿನ ಸುಮ್ಮನಿದ್ದೆ. ಇನ್ನೂ ಶಾಂತವಾಗಿಲ್ಲ, ಆದರೂ ಬರೆಯುತ್ತೇನೆ.

ಮುಟ್ಟಬೇಡ ಅಂದೆ, ಹೌದು. ಕಡಜ ಹೇಗೆ ತೇಲುತ್ತದೆ ಅಂತ ಒಂದು ಪುಟ ಬರೆದವನಿಗೆ ಇದು ಅಣ್ಣನದು, ಇದರ ಬೆನ್ನಿನ ಮೇಲೆ ನನ್ನ ಗುರುತಿದೆ ಅಂತ ಬರೆಯಲು ಕೈ ಬರಲಿಲ್ಲ. ಎಲ್ಲದಕ್ಕೂ ಯಾಕೆ ಅಂತ ಇರುವುದಿಲ್ಲ ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋಗಿ, ಕತ್ತಲಲ್ಲಿ ಎಡವಿದವಳನ್ನು ಕುರುಡಿ ಅನ್ನುತ್ತಿದ್ದೀಯ. ನೀವಿಬ್ಬರೂ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡುವಾಗ ನನ್ನನ್ನು ಎಂದಾದರೂ ಕರೆದಿದ್ದಿರೇ? ನಿಮ್ಮ ಗುರುತುಗಳು ನನಗೆ ಹೇಗೆ ಗೊತ್ತಾಗಬೇಕು?

ಅಂಗಿಯ ಮಾತು ತೆಗೆದಿದ್ದೀಯ. ಒಂದೂವರೆ ವರ್ಷ ಮುಖ ತಿರುಗಿಸಿಕೊಂಡು ಇದ್ದದ್ದು ಅದಕ್ಕೇ ಅಂತ ನನಗೆ ಗೊತ್ತಿತ್ತು. ನಿನ್ನ ಬಾಯಿಂದ ಬರಲಿ ಅಂತ ಕಾದೆ. ಈಗ ನನ್ನದನ್ನೂ ಕೇಳು. ಆ ಹುಡುಗ ಹುಟ್ಟಿದ ದಿನದಿಂದ ಅವನ ಬಟ್ಟೆಗೆ ಇನ್ನೊಬ್ಬರ ಕೈ ತಾಗಿಲ್ಲ. ನಿಮ್ಮಪ್ಪ ತೀರಿಕೊಂಡ ವಾರ ಕೂಡ ಒಗೆದಿದ್ದೇನೆ. ಊರಿನವರ ಬಟ್ಟೆಗೆ ಮಿಷನ್ನು, ನಿಮ್ಮಿಬ್ಬರ ಬಟ್ಟೆಗೆ ನನ್ನ ಕೈ. ಅವತ್ತು ಅವನು ಉಟ್ಟಿದ್ದ ಬಟ್ಟೆಯನ್ನು ಪೊಲೀಸರು ಕೊಡಲಿಲ್ಲ. ನನಗೆ ಉಳಿದದ್ದು ಆ ಒಂದು ಅಂಗಿ. ನಾಳೆಯಿಂದ ಅವನದು ಅಂತ ಒಗೆಯಲು ಏನೂ ಇರುವುದಿಲ್ಲ ಅಂತ ಗೊತ್ತಿದ್ದೇ ಬಕೆಟ್ಟಿಗೆ ಹಾಕಿದೆ. ಕಾಲರನ್ನು ಎಷ್ಟು ಹೊತ್ತು ತಿಕ್ಕಿದೆನೋ, ಕೈ ಬಿಡಲು ಮನಸ್ಸು ಬರಲಿಲ್ಲ. ನಿನಗೆ ಅವನ ವಾಸನೆ ಬೇಕಿತ್ತು, ನನಗೆ ಅವನ ಕೆಲಸ ಬೇಕಿತ್ತು. ಇರುವುದು ಒಂದೇ ಅಂಗಿ. ಯಾರಿಗೆ ಕೊಡಬೇಕಿತ್ತು, ಹೇಳು? ನೀನು ತಮ್ಮ. ನಾನು ಹೆತ್ತವಳು. ನಾನು ತಪ್ಪು ಮಾಡಿದೆ ಅಂತ ನೀನು ಸಾಯುವವರೆಗೆ ಹೇಳು, ನಾನು ಹೂಂ ಅನ್ನುವುದಿಲ್ಲ.

ವಿಮಾನದ ವಿಷಯಕ್ಕೆ ಹೊಟ್ಟೆ ಉರಿಯುತ್ತಿದೆ. ಅದು ನಿನ್ನ ಸಹಿ ಅಂತ ಗೊತ್ತಿದ್ದರೆ ಆ ಗುಂಡಿಯ ಹತ್ತಿರ ಕೂಡ ಹೋಗುತ್ತಿರಲಿಲ್ಲ. ಆಟದ ಕಂಪನಿಗೆ ಫೋನು ಮಾಡಿದೆ. ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ "ತೊಳೆದದ್ದು ವಾಪಸ್ ಬರಲ್ಲ ಮೇಡಂ" ಅಂದಳು. ನಮ್ಮ ಅಂಗಡಿಯಲ್ಲಿ ಇದೇ ಮಾತನ್ನು ನಾನು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತೇನೆ.

ಆಗಸ್ಟಿನಲ್ಲಿ ಬಾ. ಬಂದು ಎದುರಿಗೆ ನಿಂತು ಬೈಯಿ. ಕಾಗದದಲ್ಲಿ ಬೈಸಿಕೊಳ್ಳಲು ನನಗೆ ಆಗುತ್ತಿಲ್ಲ.

ಅಮ್ಮ


ಜುಲೈ ೨೪

ಚಿಕ್ಕೂ,

ದೋಣಿ ಎಷ್ಟು ಸಲ ಬಂದು ಹೋಯಿತೋ, ನಿನ್ನಿಂದ ಏನೂ ಇಲ್ಲ. ಟಪಾಲಿನವನು ಈಗ ನಮ್ಮ ಅಂಗಡಿಯ ಮುಂದೆ ಬಂದಾಗ ತಾನೇ ತಲೆ ಆಡಿಸಿಬಿಡುತ್ತಾನೆ, ನಾನು ಬಾಯಿ ತೆರೆಯುವ ಮೊದಲು.

ನಾಲ್ಕೂ ದಾಟಿದವು. ಪರದೆಯ ಮೇಲೆ ಹಸಿರು ಗುರುತು ಬಂದಿದೆ. ಆರಿಸು ಅಂದಿದ್ದೆ, ಆರಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಂಗಡಿಯಿಂದ ಬಂದು ದಿನಾ ಒಂದು ಸುತ್ತು ಗುರಾಣಿಯಲ್ಲಿ ಹೋಗುತ್ತಿದ್ದೇನೆ. ಯಾರ್ಯಾರೋ ಗೊತ್ತಿಲ್ಲದವರ ಪಕ್ಕದಲ್ಲಿ ನಿಂತು ಅವರಿಗೆ ಬರುವ ಗುಂಡು ತಿನ್ನುತ್ತೇನೆ. ಎಲ್ಲರಿಗಿಂತ ಮೊದಲು ನಾನೇ ಹೋಗುವುದು. ಹೋದ ಮೇಲೆ ಪರದೆಯ ಮುಂದೆ ಕೂತು ಉಳಿದವರು ಆಡುವುದನ್ನು ನೋಡಬಹುದು, ಗೊತ್ತಲ್ಲ. ಅವನಿಗೆ ಅದು ಯಾಕೆ ಇಷ್ಟವಿತ್ತು ಅಂತ ನನಗೆ ಸ್ವಲ್ಪ ಗೊತ್ತಾಯಿತು. ತಾನು ಹೋದ ಮೇಲೂ ನೀನು ಗೆಲ್ಲುವುದನ್ನು ಕೂತು ನೋಡುತ್ತಿದ್ದ.

ಬೆನ್ನಿಗೆ ಎರಡು ಕಡೆ ಸುಟ್ಟಿದೆ. ತೊಳೆದಿಲ್ಲ. ಆದರೆ ಅದು ನಿನ್ನದಲ್ಲ, ಯಾರದೋ.

ಆಗಸ್ಟು ಬಂದೇಬಿಟ್ಟಿತು. ನಿನ್ನ ಹಾಸಿಗೆಯ ಹೊದಿಕೆ ಬದಲಿಸಲೇ, ಹಾಗೇ ಬಿಡಲೇ? ಕೇಳದೆ ಏನೂ ಮಾಡಬಾರದು ಅಂತ ಕೇಳುತ್ತಿದ್ದೇನೆ.

ಅಮ್ಮ


ಆಗಸ್ಟ್ ೫

ಅಮ್ಮನಿಗೆ,

ಎರಡು ಕಾಗದವೂ ಬಂದವು.

ಕ್ರೇನಿನವನ ಮನೆಗೆ ಹೋಗುತ್ತಿದ್ದೇನೆ, ರಜೆಯೆಲ್ಲ ಅಲ್ಲೇ. ಮುಂದಿನ ಎರಡು ವರ್ಷಕ್ಕೂ ಇಲ್ಲೇ ಸಹಿ ಮಾಡಿದ್ದೇನೆ.

ನೀನು ಬರೆದದ್ದನ್ನು ಓದಿದೆ. ಅಂಗಿಯ ವಿಷಯ ಅರ್ಥವಾಯಿತು. ಅರ್ಥವಾದರೆ ಸಿಟ್ಟು ಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ. ಎದುರಿಗೆ ಬಂದರೆ ಇನ್ನೂ ಕೆಟ್ಟದ್ದೇನಾದರೂ ಅಂದುಬಿಡುತ್ತೇನೆ. ಆಡಿದ ಮೇಲೆ ಅದೂ ವಾಪಸ್ಸು ಬರುವುದಿಲ್ಲ.

ಗುರಾಣಿಯಲ್ಲಿ ಹೋಗುವುದನ್ನು ನಿಲ್ಲಿಸು. ಅದು ನಿನ್ನದಲ್ಲ.

ಹೊದಿಕೆ ನಿನ್ನಿಷ್ಟ.

ಚಿಕ್ಕು


ಸೆಪ್ಟೆಂಬರ್ ೧

ಚಿಕ್ಕೂ,

ನೀನು ಬಂದಿದ್ದೆ.

ಎದುರುಮನೆ ಟೈಲರ್ ಹೇಳಿದರು. "ನಿಮ್ಮ ಚಿಕ್ಕವನು ಬಂದಿದ್ನಲ್ಲ, ಒಳ್ಳೇ ಗಟ್ಟಿಮುಟ್ಟಾಗಿದಾನೆ, ಗಡ್ಡ ಬಿಟ್ಟಿದಾನೆ. ಡಬ್ಬ ಹೊತ್ಕೊಂಡು ಟ್ಯಾಕ್ಸಿ ಹತ್ತಿದ. ಅಂಗಡಿ ಕಡೆ ಹೋಗ್ಬರ್ತೀಯೇನೋ ಅಂದೆ, ಹೊತ್ತಾಯ್ತು ಅಂದ." ನಾನು ಹೌದು, ಅಂಗಡಿಗೆ ಬಂದು ಹೋದ ಅಂದೆ. ಸುಳ್ಳು ಹೇಳಿದೆ. ಮಗ ಬಂದು ತಾಯಿಯ ಮುಖ ನೋಡದೆ ಹೋದ ಅಂತ ಆ ಟೈಲರ್ ಬಾಯಲ್ಲಿ ಕೇಳಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಇಸ್ತ್ರಿಯವರಿಗೂ ಅದನ್ನೇ ಹೇಳುವವಳಿದ್ದೆ, ಆದರೆ ಅವರು ಇಡೀ ದಿನ ನನ್ನ ಜೊತೆಯಲ್ಲೇ ಇದ್ದರಲ್ಲ.

ನಾನು ಮನೆಯಲ್ಲಿಲ್ಲದ ಹೊತ್ತು ನಿನಗೆ ಗೊತ್ತು. ಹುಟ್ಟಿದಾಗಿನಿಂದ ಗೊತ್ತು. ಆ ಹೊತ್ತನ್ನೇ ನೋಡಿಕೊಂಡು ಬಂದೆ. ಕಂಪ್ಯೂಟರು ಒಯ್ದದ್ದಕ್ಕೆ ನನ್ನದೇನೂ ತಕರಾರಿಲ್ಲ, ನಿನ್ನದು, ನಿಮ್ಮಣ್ಣನದು. ಸಂಜೆಯಲ್ಲಿ ಕೈ ಸುಮ್ಮನೆ ಕೂರುವುದಿಲ್ಲ, ಅಷ್ಟೇ. ಮೇಜಿನ ಮೇಲೆ ಅದಿದ್ದ ಜಾಗದಲ್ಲಿ ಚೌಕಾಕಾರವಾಗಿ ಧೂಳಿದೆ, ಅದನ್ನು ಒರೆಸಿಲ್ಲ. ಅಡಿಗೆಮನೆಯಲ್ಲಿ ಒಂದು ಲೋಟ ಒದ್ದೆಯಾಗಿತ್ತು. ನೀರು ಕುಡಿದು ತೊಳೆದಿಟ್ಟು ಹೋಗಿದ್ದೀಯ. ಅದನ್ನು ನೋಡಿ ನನಗೆ ಬಂದ ಅಳು ನಿನ್ನ ಮೇ ತಿಂಗಳ ಕಾಗದ ನೋಡಿಯೂ ಬಂದಿರಲಿಲ್ಲ. ಎಂಜಲು ಲೋಟ ಒಂದನ್ನು ಬಿಟ್ಟು ಹೋಗಲೂ ನಿನಗೆ ಈ ಮನೆ ನಿನ್ನದು ಅನ್ನಿಸಲಿಲ್ಲ.

ಬರುವುದಿಲ್ಲವೇ, ಬೇಡ. ಬೈಯುವುದಿಲ್ಲವೇ, ಬೇಡ. ನಾನು ಇಂಥವಳೇ, ಈ ವಯಸ್ಸಿನಲ್ಲಿ ಬದಲಾಗಲಾರೆ. ನಿನಗೂ ನನ್ನದೇ ಹಟ ಬಂದಿದೆ, ಯಾರನ್ನು ದೂರಲಿ? ದೊಡ್ಡು ಇದ್ದಿದ್ದರೆ ನಮ್ಮಿಬ್ಬರ ನಡುವೆ ಬಂದು ನಿಲ್ಲುತ್ತಿದ್ದ. ಅವನಿಲ್ಲ. ನಾವಿಬ್ಬರೇ ಹೊಡೆದುಕೊಳ್ಳಬೇಕು.

ಆದರೆ ನಿನ್ನ ಹತ್ತಿರವಿದ್ದ ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಾಗಿಲು ಎಳೆದುಕೊಂಡು ಹೋಗಿದ್ದೀಯಲ್ಲ, ಅದಕ್ಕೆ ನಾನು ಒಪ್ಪುವುದಿಲ್ಲ. ಈ ಲಕೋಟೆಯಲ್ಲಿ ಅದನ್ನು ಹಾಕಿದ್ದೇನೆ. ನಿನಗೆ ಬೇಡವಾದರೆ ಸುತ್ತ ಸಮುದ್ರವಿದೆ, ಬಿಸಾಡು. ನನ್ನ ಕೈಗೆ ಮಾತ್ರ ವಾಪಸ್ಸು ಕೊಡಬೇಡ.

ಅಮ್ಮ